ಕಸವಿಲ್ಲದ ಮನೆ ಯಾವುದು?

ಮಣಿಪಾಲದ ಗುಡ್ಡದ ಮೇಲೆ ಬೆಳಗಿನ ಹೊತ್ತು ಕಸದ ಗಾಡಿಯು ಹಾಡುತ್ತ ಬರುವುದು. ವಿದ್ಯಾವಂತ ಗೃಹಸ್ಥರ ಮನೆಗಳ ಮುಂದೆ ಎರಡು ಬಾಲ್ದಿಗಳು ಸಿದ್ಧವಾಗಿರುವುವು. ಒಂದರಲ್ಲಿ ಹಸಿಕಸ, ಇನ್ನೊಂದರಲ್ಲಿ ಒಣಕಸ. ಗಾಡಿಯ ಹೆಂಗಸು ಅವನ್ನು ಸುರಿದುಕೊಂಡು ಮುಂದಕ್ಕೆ ಸಾಗುವಳು. ಗೃಹಿಣಿಯು ಬರಿದಾದ ಬಾಲ್ದಿಗಳನ್ನು ತೊಳೆದು ಕವುಚಿಟ್ಟು, ಮನೆಯು ಶುದ್ಧವಾಯಿತೆಂಬ ತೃಪ್ತಿಯಿಂದ ಒಳಗೆ ಹೋಗುವಳು. "ಅಮ್ಮ, ಇವತ್ತು ಒಣಕಸವೇ ಮೂರು ಚೀಲ ಉಂಟಲ್ಲ?" ಎಂದು ಗಾಡಿಯವಳು ಎಂದಾದರೊಂದು ದಿನ ಕೇಳಿದರೆ, "ಹೌದು ಮಾರಾಯ್ತಿ, ಮಗ ಸೊಸೆ ಬಂದಿದ್ದಾರೆ. ಎಲ್ಲ ಬೇರೆ ಬೇರೆ ಮಾಡಿಯೇ ಇಟ್ಟಿದ್ದೇನೆ, ನೋಡು" ಎಂದು ಉತ್ತರ ಬರುವುದು. ಕೇಳಿದ್ದು ಎಷ್ಟೆಂದು, ಉತ್ತರ ಬಂದದ್ದು ಹೇಗೆಂದು. ಈ ಪ್ರಶ್ನೋತ್ತರದ ವಿಷಮತೆಯೇ ಪ್ರಕೃತ ಲೇಖನದ ವಿಷಯ.

ಮೊದಲು ಸಲ್ಲತಕ್ಕ ಪ್ರಶಂಸೆಯನ್ನು ಸಲ್ಲಿಸಿಬಿಡುವುದು ನ್ಯಾಯ. 2014ನೆಯ ಇಸವಿ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಅಭಿಯಾನವು ಹೊರಟಾಗ, ಅದು ಹಿಡಿಸೂಡಿ ಹಿಡಿದ ಗಣ್ಯರ ಭಾವಚಿತ್ರಗಳಲ್ಲಿಯೇ ಮುಗಿದುಹೋಗುವುದೆಂದು ಎಣಿಸಿದವರು ಅನೇಕರಿದ್ದರು. ಉಡುಪಿ ಜಿಲ್ಲೆಯಲ್ಲಿ ಹಾಗಾಗಲಿಲ್ಲ. ವೆಲ್ಲೂರಿನ ಸಿ. ಶ್ರೀನಿವಾಸನ್ ಎಂಬವರು ರೂಢಿಗೆ ತಂದ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆಯ ಕ್ರಮವನ್ನು, ಎಸ್‌ಎಲ್‌ಆರ್‌ಎಂ ಎಂಬ ಅಕ್ಷರಗಳಿಂದ ಈಗ ಹಳ್ಳಿಹಳ್ಳಿಗೂ ಪರಿಚಿತವಾದುದನ್ನು, ಕುಂದಾಪುರದ ಕಡೆಯ ವಂಡ್ಸೆ ಗ್ರಾಮ ಪಂಚಾಯತಿಯು ಅಭಿಯಾನದ ಆರಂಭದ ವರ್ಷಗಳಲ್ಲಿಯೇ ಕೈಗೊಂಡಿತು. ಅದನ್ನು ಕಂಡು ಜಿಲ್ಲೆಯ ಬೇರೆ ಪಂಚಾಯತಿಗಳೂ ಹೊರಟುವು. ಹೆಂಗಸರು ಕೈಗವಸು ತೊಟ್ಟು, ಮನೆಮನೆಯಿಂದ ತಂದುದನ್ನು ಮೇಜಿನ ಮೇಲೆ ಹರಡಿ, ಬಾಟಲಿ, ರಟ್ಟು, ಹಾಲಿನ ತೊಟ್ಟೆ, ಹರಿದ ಚಪ್ಪಲಿ, ಔಷಧದ ಪಟ್ಟಿ ಎಂದು ಬಗೆಬಗೆಯಾಗಿ ಬೇರ್ಪಡಿಸಿ ಮಾರುವರು; ಹಸಿಯದನ್ನು ಗೊಬ್ಬರ ಮಾಡುವರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣಕಸವನ್ನು ವಿಂಗಡಿಸಬಲ್ಲ ಘಟಕವೊಂದು ಎದ್ದಿದೆ. ಸುತ್ತಣ ಅನೇಕ ಪಂಚಾಯತಿಗಳ ಒಣಕಸಕ್ಕೆಲ್ಲ ಅದೇ ಕಣಜ. ಹತ್ತು ವರ್ಷಗಳ ಹಿಂದೆ ತೋಡಿಗೂ ಮಾರ್ಗದ ಬದಿಗೂ ಬೀಳುತ್ತಿದ್ದುದು ಈಗ ಒಂದು ಮಾಡಿನ ಕೆಳಗೆ ಬಂದು ನಿಲ್ಲುವುದೆಂದರೆ ಅಲ್ಪ ಕಾರ್ಯವಲ್ಲ. ಅದನ್ನು ಹೀಗಳೆಯುವವನು ಮೊದಲು ಒಂದು ದಿನ ಆ ಮೇಜಿನ ಬಳಿ ನಿಂತು ನೋಡಬೇಕು.

ಆದರೆ 10 ಟನ್ ಎಂಬ ಅಂಕೆಯನ್ನು ಓದುವ ಬಗೆ ಎರಡು. ಅಷ್ಟನ್ನು ವಿಂಗಡಿಸುವ ಸಾಮರ್ಥ್ಯ ಬಂದಿತೆಂದು ಸಂತೋಷಪಡುವುದು ಒಂದು ಬಗೆ. ಭತ್ತದ ಗದ್ದೆ, ಅಡಿಕೆಯ ತೋಟಗಳ ನಡುವಣ ಹಳ್ಳಿಗಳಲ್ಲಿ ದಿನವೊಂದಕ್ಕೆ 10,000 ಕಿಲೋ ಒಣಕಸವನ್ನು ನಿರೀಕ್ಷಿಸಬೇಕಾಗಿ ಬಂದಿತಲ್ಲಾ ಎಂದು ಬೆಚ್ಚಿಬೀಳುವುದು ಇನ್ನೊಂದು. ಒಂದೊಂದು ತೊಟ್ಟೆಯು ತೂಗುವುದು ಕೆಲವೇ ಗ್ರಾಮು. ಅಂತಹವು 10,000 ಕಿಲೋ ಆಗಬೇಕಾದರೆ ಲಕ್ಷಗಟ್ಟಲೆ ಕೂಡಬೇಕು. ಮೊದಲಿನ ಬಗೆಯ ಓದುಗರು ಸಭೆಗಳಲ್ಲಿ ಧಾರಾಳವಾಗಿ ಸಿಗುವರು. ಎರಡನೆಯ ಬಗೆಯವರು ವಿರಳ.

ಇಲ್ಲಿಯೇ ಜನಜಾಗೃತಿಯ ಯೋಜನೆಗಳ ಮುಖ್ಯ ದೋಷವಿರುವುದು. ಮನೆಯ ಕಸವನ್ನು ಕಡಿಮೆ ಮಾಡಿಸುತ್ತೇವೆಂದು ಹೊರಟ ಯೋಜನೆಯ ವರದಿಯನ್ನು ತೆರೆದರೆ ಕಾಣುವುದೇನು? ಇಷ್ಟು ಮನೆಗಳಿಂದ ಸಂಗ್ರಹ, ಇಷ್ಟು ಟನ್ ವಿಂಗಡಣೆ, ಇಷ್ಟು ರೂಪಾಯಿಯ ಮಾರಾಟ, ಇಷ್ಟು ಬಾಲ್ದಿಗಳ ವಿತರಣೆ. ಕಳೆದ ವರ್ಷ ಒಂದು ಮನೆಯಿಂದ ತಿಂಗಳಿಗೆ ಎಷ್ಟು ಬರುತ್ತಿತ್ತು, ಈ ವರ್ಷ ಎಷ್ಟಕ್ಕೆ ಇಳಿಯಿತು ಎಂಬ ಸಾಲು ಕಾಣುವುದು ಅಪೂರ್ವ. ಹೆಸರು ಕಡಿಮೆ ಮಾಡುವುದರದು. ಲೆಕ್ಕ ಹೆಚ್ಚು ಕೂಡಿಸಿದ್ದರದು. ಸಂಗ್ರಹವು ಏರಿದರೆ ಯೋಜನೆಯು ಗೆದ್ದಂತೆ. ಹಾಗಾದರೆ ಎಲ್ಲಕ್ಕಿಂತ ಹೆಚ್ಚು ಎಸೆಯುವ ಮನೆಯೇ ಯೋಜನೆಗೆ ಎಲ್ಲರಿಗಿಂತ ದೊಡ್ಡ ಉಪಕಾರಿಯೆಂದಾಯಿತು!

ಈ ಭ್ರಮೆಗೆ ಆಶ್ರಯವಾದ ಒಂದು ಮಾತುಂಟು: ಕಸದಿಂದ ರಸ. ಮಾತು ಕಿವಿಗೆ ಇಂಪಾಗಿದೆ, ಪ್ರಾಸವೂ ಕೂಡಿದೆ; ಅದರಿಂದಲೇ ಅಪಾಯ ಹೆಚ್ಚು. ಕಸವೇ ರಸದ ಮೂಲವೆಂದಾದರೆ ಮೂಲವನ್ನು ಬತ್ತಿಸುವವನು ಮೂರ್ಖನಲ್ಲವೆ? ಈ ಮಾತು ಶಾಲೆಗಳಿಗೂ ಹೊಕ್ಕಿದೆ. ಮಕ್ಕಳಿಗೆ ಸ್ಪರ್ಧೆ ಇಡುವರು. ಪ್ಲಾಸ್ಟಿಕ್ ಬಾಟಲಿಯಲ್ಲಿ ಹೂದಾನಿ, ಐಸ್‌ಕ್ರೀಮಿನ ಡಬ್ಬದಲ್ಲಿ ಮನೆ, ನೀರೆಳೆಯುವ ಕೊಳವೆಗಳಲ್ಲಿ ತೋರಣ. ಸ್ಪರ್ಧೆಯ ಹಿಂದಿನ ಸಂಜೆ ತಂದೆಯು ಅಂಗಡಿಗೆ ಓಡಿ, ಮಗುವಿಗೆ ಬೇಕಾದ ಆರು ಬಾಟಲಿಗಳಿಗಾಗಿ ಆರು ಬಾಟಲಿ ಪಾನಕವನ್ನು ಕೊಂಡುತರುವನು. ಬಹುಮಾನ ಬಂದ ಹೂದಾನಿಯು ಒಂದು ವಾರ ಕಪಾಟಿನ ಮೇಲಿದ್ದು ಎಂಟನೆಯ ದಿನ ಒಣಕಸದ ಬಾಲ್ದಿಗೆ ಬೀಳುವುದು. ಮಗುವು ಕಲಿತದ್ದಿಷ್ಟೆ: ಬಣ್ಣ ಬಳಿದರೆ ಯಾವುದೂ ಕಸವಲ್ಲ. ಕೊಳ್ಳದೆ ಇರುವುದಕ್ಕೆ ಬಹುಮಾನವನ್ನಿಟ್ಟ ಶಾಲೆಯುಂಟೆಂದು ಕೇಳಿಬಂದಿಲ್ಲ.

ತರ್ಕಸಂಗ್ರಹವನ್ನು ಓದಿದವರು ಅಭಾವವು ನಾಲ್ಕು ಬಗೆಯೆಂದು ಬಲ್ಲರು. ಗಡಿಗೆಯು ಹುಟ್ಟುವ ಮೊದಲು ಅದು ಇಲ್ಲದಿರುವುದು ಪ್ರಾಗಭಾವ. ಹುಟ್ಟಿದ ಗಡಿಗೆಯು ಒಡೆದುಹೋದ ಬಳಿಕ ಇಲ್ಲದಿರುವುದು ಪ್ರಧ್ವಂಸಾಭಾವ. ಉಳಿದೆರಡರ ಗೊಡವೆ ಇಲ್ಲಿ ಬೇಡ. ಗಾಡಿಯು ಹೋದಮೇಲೆ ಗೃಹಿಣಿಯು 'ಮನೆಯಲ್ಲಿ ಕಸವಿಲ್ಲ' ಎನ್ನುವಳಷ್ಟೆ. ಆ ಇಲ್ಲದಿರುವಿಕೆ ಯಾವ ಬಗೆಯದು? ಕಸವು ನಾಶವಾಯಿತೆಂದು ಅವಳ ಮನಸ್ಸಿನಲ್ಲಿರುವುದು. ಆದರೆ ಒಂದು ತೊಟ್ಟೆಯನ್ನು ಈ ಅಂಗಳದಿಂದೆತ್ತಿ ಆ ಗಾಡಿಗೆ ಹಾಕಿದಮಾತ್ರಕ್ಕೆ ಅದು ನಾಶವಾಗದು. ಇಲ್ಲಿ ಗಡಿಗೆಯು ಕಾಣದೆಂಬುದರಿಂದ ಗಡಿಗೆಯೇ ಒಡೆಯಿತೆಂದು ಸಾಧಿಸುವ ಹುಡುಗನಿಗೆ ಹಿಂದಿನ ಪಾಠಶಾಲೆಗಳಲ್ಲಿ ಕಿವಿ ಹಿಂಡುತ್ತಿದ್ದರು. ಬಾಳೆಯ ಸಿಪ್ಪೆಗೆ ಪ್ರಧ್ವಂಸವುಂಟು; ಗುಂಡಿಯಲ್ಲಿ ಮಣ್ಣು ಮುಚ್ಚಿದರೆ ಕೆಲವು ತಿಂಗಳಲ್ಲಿ ಅದು ಸಿಪ್ಪೆಯಾಗಿ ಉಳಿಯದು. ಪ್ಲಾಸ್ಟಿಕ್ಕಿಗೆ ಮನುಷ್ಯನ ಆಯುಷ್ಯದೊಳಗೆ ಅದು ಇಲ್ಲ. ಅದನ್ನು ಒಡೆದಷ್ಟೂ ಸಣ್ಣ ಚೂರುಗಳಾಗುವುದಲ್ಲದೆ ಮಣ್ಣಾಗದು. ಅಂಥ ವಸ್ತುವಿನ ವಿಷಯದಲ್ಲಿ ಗೃಹಸ್ಥನು ಸಾಧಿಸಬಹುದಾದ ಅಭಾವವು ಒಂದೇ: ಅದನ್ನು ಮನೆಯೊಳಗೆ ಹುಟ್ಟಗೊಡದಿರುವ ಪ್ರಾಗಭಾವ.

ಇದು ಒಣ ತರ್ಕವೆಂದು ತೋರುವವರು ಕಣ್ಣಾರೆ ನೋಡಬಹುದಾದ ಸ್ಥಳಗಳಿವೆ. ಉಡುಪಿ ನಗರಸಭೆಯ ಮೇರೆಯೊಳಗಿನ ಕಸವು ಹೋಗಿ ಬೀಳುವುದು ಅಲೆವೂರಿನ ಕರ್ವಾಲಿನಲ್ಲಿ. ಗುಡ್ಡದ ಮೇಲೆ ಇಲ್ಲವಾದದ್ದು ಅಲ್ಲಿ ಇದೆ. ಆ ಊರಿನವರ ಗಾಳಿಯಲ್ಲಿದೆ. ಇನ್ನು ಮಂಗಳೂರಿನ ಪಚ್ಚನಾಡಿಯ ಕಥೆಯು ತುಳುನಾಡಿನ ಯಾವ ಮನೆಯೂ ಮರೆಯತಕ್ಕದ್ದಲ್ಲ. ವರ್ಷಗಟ್ಟಲೆ ನಗರವು ತನ್ನ ಅಂಗಳಗಳನ್ನು ಗುಡಿಸಿ ಅಲ್ಲಿ ಗುಡ್ಡ ಹಾಕಿತು. 2019ರ ಆಗಸ್ಟ್ ತಿಂಗಳ ಮಳೆಗೆ ಆ ಗುಡ್ಡವು ಜರಿಯಿತು. ಜರಿದದ್ದು ಮಣ್ಣಲ್ಲ, ಕಸವೇ ಹೊಳೆಯಾಗಿ ಕೆಳಗಿನ ಮಂದಾರ ಎಂಬ ಜಾಗಕ್ಕೆ ಇಳಿದು, ಅಡಿಕೆ ತೆಂಗಿನ ತೋಟಗಳನ್ನೂ ಮನೆಗಳನ್ನೂ ಮುಚ್ಚಿತು. ತಲೆಮಾರುಗಳಿಂದ ಅಲ್ಲಿದ್ದ ಸಂಸಾರಗಳು ಪಾತ್ರೆ ಪಗಡೆ ಕಟ್ಟಿಕೊಂಡು ಹೊರಡಬೇಕಾಯಿತು. ಆ ತೋಟದವರು ಎಸೆದ ತೊಟ್ಟೆಗಳಲ್ಲ ಅವು. ಅವನ್ನು ಎಸೆದವರ ಅಂಗಳಗಳು ಆ ದಿನವೂ ಸ್ವಚ್ಛವಾಗಿಯೇ ಇದ್ದುವು. ಬೆಂಗಳೂರಿನ ಕಸವನ್ನು ಹೊತ್ತು ಸಾಕಾಗಿ ಮಂಡೂರಿನ ಹಳ್ಳಿಗರು 2014ರಲ್ಲಿ ಲಾರಿಗಳನ್ನು ತಡೆದದ್ದೂ ಇದೇ ಸಂತತಿಯ ಸಂಗತಿ.

ವಿಂಗಡಣೆಯೊಂದರಿಂದಲೇ ಎಲ್ಲವೂ ನೇರ್ಪಡುವುದೆಂಬವರಿಗೆ ಜಪಾನಿನ ಕಮಿಕತ್ಸು ಎಂಬ ಗ್ರಾಮದ ಉದಾಹರಣೆ ಸಾಕು. ಬೆಟ್ಟಗಳ ನಡುವಣ ಸಣ್ಣ ಊರು. ನಿಟ್ಟೆ ವಂಡ್ಸೆಗಳಷ್ಟೂ ಜನರಿಲ್ಲ. 2003ರಲ್ಲಿ ಆ ಊರಿನವರು, 2020ರೊಳಗೆ ಸುಡುವುದಕ್ಕಾಗಲಿ ಹೂಳುವುದಕ್ಕಾಗಲಿ ಏನೂ ಉಳಿಯಬಾರದೆಂದು ಸಂಕಲ್ಪಿಸಿದರು. ಮನೆಗೆ ಗಾಡಿ ಬರುವುದಿಲ್ಲ. ಪ್ರತಿಯೊಬ್ಬರೂ ಕಸವನ್ನು ತೊಳೆದು ಒಣಗಿಸಿ ತಾವೇ ಹೊತ್ತುಕೊಂಡು ಹೋಗಿ 45 ಬಗೆಯಾಗಿ ವಿಂಗಡಿಸಿ ಹಾಕಬೇಕಾಗಿತ್ತು. ಇಲ್ಲಿ ಎರಡು ಬಾಲ್ದಿಗೇ ಗೊಣಗುವವರು ಇದನ್ನು ಮನಸ್ಸಿಗೆ ತಂದುಕೊಳ್ಳಲಿ. ಇಷ್ಟು ನಿಷ್ಠೆಯಿಂದ ನಡೆದರೂ 2020 ಬಂದಾಗ ಅವರು ಮುಟ್ಟಿದ್ದು ನೂರಕ್ಕೆ ಸುಮಾರು 80ನ್ನು. ಉಳಿದದ್ದು ಉದಾಸೀನದಿಂದ ಉಳಿದದ್ದಲ್ಲ. ಮಕ್ಕಳ ಡೈಪರು, ಹಲವು ಪದರಗಳ ಹೊದಿಕೆ, ಕೆಲವು ಬಗೆಯ ಚಪ್ಪಲಿ ಮುಂತಾದುವು ಎಷ್ಟು ತೊಳೆದು ಮಡಚಿಟ್ಟರೂ ಮತ್ತೊಂದು ವಸ್ತುವಾಗಲು ಒಪ್ಪದಂತೆ ಮಾಡಿದಂಥವು. ಮಣಿಪಾಲದ ಒಣಕಸದ ಚೀಲದಲ್ಲಿಯೂ ಹುರುಳಿಲ್ಲದ ಈ ಭಾಗವೇ ದೊಡ್ಡದು. ಒಳಗೆ ಬೆಳ್ಳಿಯಂತೆ ಹೊಳೆದು ಹೊರಗೆ ಬಣ್ಣ ತಳೆದ ತಿಂಡಿಯ ಪೊಟ್ಟಣಗಳನ್ನು ಯಾವ ಗುಜರಿಯವನೂ ಕೊಳ್ಳನು. ವಿಂಗಡಿಸಿದರೂ ಕಡೆಗೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಸೌದೆಯಾಗಿ ಹೋಗಬೇಕಾದುವು. ಅದನ್ನು ಮರುಬಳಕೆಯೆಂದು ಕರೆಯುವುದಾದರೆ ಚಿತೆಯನ್ನೂ ಹಾಗೆಯೇ ಕರೆಯಬಹುದು.

ಇಷ್ಟು ಹೇಳುವಷ್ಟರಲ್ಲಿ ಸಭೆಯ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, ಹಿಂದಿನ ಕಾಲದಲ್ಲಿ ಇದೊಂದೂ ಇರಲಿಲ್ಲ, ಪೂರ್ವಿಕರ ಆಚಾರವೇ ಶುದ್ಧ, ಅದನ್ನು ಬಿಟ್ಟದ್ದರಿಂದ ಈ ಗತಿಯೆನ್ನುವರು. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಅರ್ಧ ಆತ್ಮಸ್ತುತಿಯಿದೆ. ಹಿಂದಿನ ಮನೆಗೆ ಅಕ್ಕಿಯು ಬರುತ್ತಿದ್ದುದು ಬೈಹುಲ್ಲಿನ ಮುಡಿಯಲ್ಲಿ. ಅಕ್ಕಿ ಮುಗಿದಮೇಲೆ ಹುಲ್ಲು ಹಟ್ಟಿಗೆ ಹೋಗುತ್ತಿತ್ತು. ಕಡುಬು ಬೇಯುತ್ತಿದ್ದುದು ಹಲಸಿನೆಲೆಯ ಕೊಟ್ಟೆಯಲ್ಲಿ; ಉಂಡದ್ದು ಬಾಳೆಲೆಯಲ್ಲಿ; ಮಳೆಗೂ ಬಿಸಿಲಿಗೂ ತಲೆಯ ಮೇಲಿದ್ದದ್ದು ಹಾಳೆಯ ಮುಟ್ಟಾಳೆ. ಅಕ್ಕಿ ತೊಳೆದ ಅಕ್ಕಚ್ಚು ದನಕ್ಕೆ, ಹಟ್ಟಿಯ ಸೊಪ್ಪು ಗೊಬ್ಬರದ ಗುಂಡಿಗೆ, ಗುಂಡಿಯದು ಗದ್ದೆಗೆ, ಗದ್ದೆಯ ಅಂಚಿನ ಕಸಕಡ್ಡಿಯು ಸುಡುಮಣ್ಣಿಗೆ. ಈ ವ್ಯವಸ್ಥೆಯು ಸುಂದರವಾಗಿತ್ತೆಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಪೂರ್ವಿಕರ ವೈರಾಗ್ಯದ ಫಲವೆನ್ನುವುದು ತಪ್ಪು. ಅವರ ಕೈಗೆ ಸಿಕ್ಕಿದ್ದೆಲ್ಲವೂ ತಾನಾಗಿ ಮಣ್ಣಾಗುವಂತಹುದಾಗಿದ್ದುದರಿಂದ, ಎಸೆಯುವ ಅಭ್ಯಾಸವು ಆಗ ದೋಷವಾಗಿ ತೋರಲಿಲ್ಲ. ಎಸೆಯುವ ಕೈ ಅದೇ ಉಳಿಯಿತು. ಕೈಯೊಳಗಿನ ವಸ್ತು ಬದಲಾಯಿತು.

ಇದಕ್ಕೆ ಇನ್ನೊಂದು ಮಾತನ್ನು ಕೂಡಿಸದೆ ಬಿಟ್ಟರೆ ಅಪ್ರಾಮಾಣಿಕತೆಯಾದೀತು. ಹಿಂದಿನ ಮನೆಯ ಮಡಿಯು ಹೊಸ್ತಿಲಿನವರೆಗೆ ಮಾತ್ರ. ಒಳಗೆ ದಿನಕ್ಕೆ ಎರಡಾವರ್ತಿ ಸಾರಿಸಿ ಒರಸುವರು; ಅಂಗಳದಾಚೆಯದು ಯಾರದೋ ಕೆಲಸ. ಕಸವನ್ನು ಎತ್ತುವ ಕೈ ಬೇರೆ, ಅದರ ಗೊಬ್ಬರದಿಂದ ಬೆಳೆದುದನ್ನು ಉಣ್ಣುವ ಬಾಯಿ ಬೇರೆಯಾಗಿತ್ತು. ಆ ಕೈಗಳು ಯಾವ ಜಾತಿಯವೆಂಬುದು ಎಲ್ಲರಿಗೂ ತಿಳಿದದ್ದೇ. ಮೈಲಿಗೆಯನ್ನು ಆಚೆಗೆ ನೂಕಿ ಮತ್ತೊಬ್ಬರ ತಲೆಗೆ ಹೊರಿಸುವ ಈ ಪದ್ಧತಿಯೇ ಇಂದು ಹಸಿರು ಬಾಲ್ದಿ ನೀಲಿ ಬಾಲ್ದಿಗಳ ವೇಷದಲ್ಲಿ ಮುಂದುವರಿದಿದೆ. ಮಲಿನವಾದ ಡೈಪರನ್ನೂ ಒಡೆದ ಗಾಜನ್ನೂ ಒಣಕಸದ ನಡುವೆ ಸುತ್ತಿಟ್ಟು ಕೊಡುವ ಮನೆಗಳಿವೆ. ಸುತ್ತಿಟ್ಟದ್ದನ್ನು ಮೇಜಿನ ಮೇಲೆ ಬಿಚ್ಚುವವಳು ಒಬ್ಬ ತಾಯಿ. ಹಸಿ, ಒಣ, ಅಪಾಯಕರ ಎಂದು ಮೂರಾಗಿ ವಿಂಗಡಿಸಿಯೇ ಕೊಡತಕ್ಕದ್ದೆಂದು 2016ರಲ್ಲಿಯೇ ಸರಕಾರದ ನಿಯಮವು ಪ್ರತಿ ಮನೆಗೂ ವಿಧಿಸಿತು. ವಿಧಿಯು ಬೇಕಾದದ್ದೇ ನಾಚಿಕೆಗೇಡು. ವಿಧಿಯ ಬಳಿಕವೂ ಹೀಗಿರುವುದನ್ನು ಏನೆನ್ನಬೇಕು?

ಪೂರ್ವಪಕ್ಷಗಳು ಹಲವುಂಟು. ತೆರಿಗೆ ಕೊಡುತ್ತೇವೆ, ಒಯ್ಯುವುದು ಅವರ ಕರ್ತವ್ಯ ಎಂಬುದು ಎಲ್ಲಕ್ಕಿಂತ ದುರ್ಬಲವಾದದ್ದು. ವೈದ್ಯನಿಗೆ ಹಣ ಕೊಡುತ್ತೇವೆಂದು ಯಾರೂ ಬೇಕೆಂದೇ ರೋಗವನ್ನು ತರಿಸಿಕೊಳ್ಳರು. ಬೀದಿಗೆ ಕಸ ಚೆಲ್ಲಿದವನಿಗೆ ಪಣದ ಎಂಟರಲ್ಲೊಂದು ಭಾಗವನ್ನು ದಂಡ ಹಾಕಬೇಕೆಂದು ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಬರೆದಿರುವನು. ಅವನ ಪ್ರಜೆಗಳೂ ತೆರಿಗೆ ಕೊಡುತ್ತಿದ್ದವರೇ.

ದೂರದೂರುಗಳಿಂದ ಓದಲು ಬಂದ ವಿದ್ಯಾರ್ಥಿಗಳೇ ಮಣಿಪಾಲವನ್ನು ಕೆಡಿಸಿದರೆಂಬುದು ಇನ್ನೊಂದು. ಪರೀಕ್ಷೆ ಮುಗಿಸಿ ಹೊರಡುವಾಗ ಅವರು ಬಿಟ್ಟುಹೋಗುವ ಹಾಸಿಗೆ ಬಾಲ್ದಿಗಳನ್ನೂ, ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ಹೇಳಿ ತರಿಸುವ ಊಟದ ಡಬ್ಬಗಳನ್ನೂ ಕಂಡವರು ಈ ಮಾತನ್ನು ಸುಲಭವಾಗಿ ಒಪ್ಪುವರು. ಒಪ್ಪಿದರೂ ಪ್ರಯೋಜನವಿಲ್ಲ. ಆ ಮಕ್ಕಳು ಬಾಡಿಗೆಗಿರುವುದು ಇದೇ ಗೃಹಸ್ಥರ ಮನೆಗಳಲ್ಲಿ. ಬಾಡಿಗೆಯ ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಬಾರದೆಂದು ಬರೆಯುವವರು, ಉಳಿದ ಹಾಸಿಗೆ ಬಾಲ್ದಿಗಳನ್ನು ಮುಂದೆ ಬರುವವನಿಗೆ ದಾಟಿಸತಕ್ಕದ್ದೆಂದು ಬರೆಯುವುದಕ್ಕೆ ಅಡ್ಡಿಯೇನು?

ಮೂರನೆಯದು ಮಾತ್ರ ಸಬಲವಾದ ಆಕ್ಷೇಪ. ತೊಟ್ಟೆಯನ್ನು ಮಾಡಿದವನು ಕಾರ್ಖಾನೆಯವನು. ಎಣ್ಣೆ, ಬೇಳೆ, ಸಾಬೂನುಗಳೆಲ್ಲವನ್ನೂ ಅವನು ಪ್ಲಾಸ್ಟಿಕ್ಕಿನಲ್ಲಿಯೇ ಮಾರುವಾಗ ಮನೆಯವಳು ಏನು ಮಾಡಬಲ್ಲಳು? ಇದು ಬಹುಪಾಲು ನಿಜ. ಪೊಟ್ಟಣವನ್ನು ಮಾರುಕಟ್ಟೆಗೆ ತಂದವನೇ ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ಹೊರತಕ್ಕದ್ದೆಂದು 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಹೇಳಿದುವು; ಆ ಹೊಣೆಯನ್ನು ಹಿಡಿದು ಕೇಳುವುದು ಸರಕಾರದ ಕೆಲಸ, ಸರಕಾರವನ್ನು ಕೇಳುವುದು ಪ್ರಜೆಗಳ ಕೆಲಸ. ಮನೆಯವಳೊಬ್ಬಳ ತಲೆಗೆ ಎಲ್ಲವನ್ನೂ ಕಟ್ಟಿ, ಕಾರ್ಖಾನೆಯವನನ್ನು ಬಿಟ್ಟುಬಿಡುವ ಯೋಜನೆಯು ಅನ್ಯಾಯದ್ದು. ಆದರೂ ಕಾರ್ಖಾನೆಯವನು ಬೇಡಿಕೆಯ ಭಾಷೆಯನ್ನಲ್ಲದೆ ಬೇರೆ ಭಾಷೆಯನ್ನು ಅರಿಯನು. ಉಡುಪಿಯ ಪೇಟೆಯಲ್ಲಿ ಬೇಳೆಯನ್ನು ಚೀಲದಿಂದ ಅಳೆದು ಕೊಡುವ ದಿನಸಿನ ಅಂಗಡಿಗಳು ಇನ್ನೂ ಮುಚ್ಚಿಲ್ಲ. ಗಾಣದ ಎಣ್ಣೆಗೆ ಸ್ವಂತ ಪಾತ್ರೆಯನ್ನು ಒಯ್ದರೆ ಬೇಡವೆನ್ನುವವನಿಲ್ಲ. ಕಲಾಯಿ ಹಾಕಿಸಿದ ಪಾತ್ರೆಗಳು ಅಟ್ಟದ ಮೇಲೆ ಕುಳಿತೇ ಇವೆ. ಇವೆಲ್ಲ ಇದ್ದೂ ಮೊಬೈಲಿನಲ್ಲಿ ಒಂದು ಹಿಡಿ ಜೀರಿಗೆಯನ್ನು ತರಿಸಿ, ಅದರ ಮೇಲಿನ ಮೂರು ಹೊದಿಕೆಗಳನ್ನು ಬಿಚ್ಚುತ್ತ ಕಾರ್ಖಾನೆಯವನನ್ನು ಬೈಯುವುದು ವಿದ್ಯಾವಂತರಿಗೆ ಒಪ್ಪುವ ನಡತೆಯಲ್ಲ.

ಇನ್ನು ಕೆಲವರು ಗಾಡಿಯನ್ನೇ ನಂಬದೆ ಮನೆಯಲ್ಲಿಯೇ ಕೆಲಸ ಮುಗಿಸುವರು. ಈ ಕರಾವಳಿಯ ಹಳೆಯ ಮನೆಗಳ ಬಚ್ಚಲೊಲೆಯು ಮಹಾ ಸರ್ವಭಕ್ಷಕ. ತೆಂಗಿನ ಮಡಲು, ಸಿಪ್ಪೆಗಳ ಜೊತೆಗೆ ತೊಟ್ಟೆಗಳೂ ಅದರ ಬಾಯಿಗೆ ಬೀಳುವುವು. ಬೂದಿಯು ಬಸಳೆಯ ಬುಡಕ್ಕೆ ಹೋಗುವುದು. ಪಿವಿಸಿ ಮುಂತಾದ ಕ್ಲೋರಿನ್ ಸೇರಿದ ಪ್ಲಾಸ್ಟಿಕ್ಕನ್ನು ಹೀಗೆ ಕಡಿಮೆ ಬಿಸಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ಘೋರವಾದ ವಿಷವು ಹುಟ್ಟುವುದೆಂದು ರಸಾಯನಶಾಸ್ತ್ರವು ಹೇಳುವುದು; ಅದನ್ನು ಮೊದಲು ಉಸಿರಾಡುವವರು ಸ್ನಾನಕ್ಕೆ ಕಾದು ನಿಂತ ಮಕ್ಕಳು. ಮತ್ತೆ ಕೆಲವರು ತೋಟದ ಮೂಲೆಯಲ್ಲಿ ಹೂಳುವರು. ಇಲ್ಲಿಯ ನೆಲವು ಮುರಕಲ್ಲಿನದು, ತೂತುತೂತಾದದ್ದು. ಮಳೆಗಾಲದಲ್ಲಿ ಗುಡ್ಡದ ಮೇಲೆ ಬಿದ್ದ ನೀರು ನಾಲ್ಕು ದಿನದೊಳಗೆ ಕೆಳಗಿನ ಬಾವಿಯಲ್ಲಿ ಏರಿ ಕಾಣುವುದನ್ನು ಎಲ್ಲರೂ ನೋಡಿದ್ದಾರೆ. ಹೂಳಿದ ಗುಂಡಿಯ ರಸವೂ ಅದೇ ದಾರಿಯನ್ನು ಹಿಡಿಯುವುದು. ಕಸದಿಂದ ಬಂದ ರಸವೆಂದರೆ ನಿಜವಾಗಿ ಇದು!

ಮನೆಗಿಂತಲೂ ಮಾನ ಹೋಗುವುದು ಸಮಾರಂಭಗಳಲ್ಲಿ. ಮದುವೆ, ಉಪನಯನ, ಗೃಹಪ್ರವೇಶ, ಬ್ರಹ್ಮಕಲಶ, ನೇಮ, ಯಾವುದಾದರೂ ಆಗಲಿ, ಊಟವು ಬಾಳೆಲೆಯಲ್ಲಿ. ಇದನ್ನು ಅತಿಥಿಗಳಿಗೆಲ್ಲ ಹೆಮ್ಮೆಯಿಂದ ತೋರಿಸುವರು. ಆ ಎಲೆಯ ಕೆಳಗೆ ಮೇಜಿನುದ್ದಕ್ಕೂ ಹಾಸಿದ ಪ್ಲಾಸ್ಟಿಕ್ ಹಾಳೆ. ಎಲೆಯ ಬಲಗಡೆ ಅಂಗೈಯಷ್ಟು ಪುಟ್ಟ ನೀರಿನ ಬಾಟಲಿ. ಪಾಯಸಕ್ಕೆ ಕಾಗದದ ಲೋಟ. ಆ ಕಾಗದದ ಒಳಮೈಗೆ ಪ್ಲಾಸ್ಟಿಕ್ಕಿನ ಲೇಪವಿಲ್ಲದಿದ್ದರೆ ಪಾಯಸವು ನಿಲ್ಲಲಾರದೆಂಬುದನ್ನು ಯಾರೂ ಯೋಚಿಸರು. ಒಂದು ಪಂಕ್ತಿ ಎದ್ದೊಡನೆ ಇಬ್ಬರು ಹುಡುಗರು ಹಾಳೆಯ ಎರಡು ತುದಿಗಳನ್ನು ಹಿಡಿದು, ಎಲೆ, ಉಳಿದ ಅನ್ನ, ಅರ್ಧ ಕುಡಿದ ಬಾಟಲಿ, ಲೋಟ ಎಲ್ಲವನ್ನೂ ಒಟ್ಟಿಗೆ ಸುತ್ತಿಬಿಡುವರು. ಹಿಂದೆ ಅದೇ ಎಲೆಯು ದನಕ್ಕೋ ಗುಂಡಿಗೋ ಹೋಗುತ್ತಿತ್ತು; ಈಗ ಪ್ಲಾಸ್ಟಿಕ್ಕಿನ ಗರ್ಭದೊಳಗೆ ಕೊಳೆತು ಯಾರಿಗೂ ಬೇಡದ ಪಿಂಡವಾಗುವುದು. ಕರ್ನಾಟಕ ಸರಕಾರವು 2016ರ ಮಾರ್ಚ್‌ನಲ್ಲಿಯೇ ಕೈಚೀಲ, ತಟ್ಟೆ, ಲೋಟಗಳೊಡನೆ ಊಟದ ಮೇಜಿಗೆ ಹಾಸುವ ಈ ಹಾಳೆಯನ್ನೂ ಹೆಸರಿಸಿ ನಿಷೇಧಿಸಿತ್ತು. ಹಾಳೆಗೆ ಆ ಸುದ್ದಿ ಇನ್ನೂ ಮುಟ್ಟಿದಂತೆ ಕಾಣದು. ಸಾವಿರಾರು ಜನರಿಗೆ ತಾಮ್ರದ ಕೊಳದಪ್ಪಲೆಯಿಂದ ನೀರು ಬಡಿಸಿದ ಊರು ಇದು. ಉಡುಪಿಯ ಅಡುಗೆಯವರ ಕೀರ್ತಿಯು ದೇಶದೇಶಗಳಿಗೆ ಹರಡಿದ್ದು ಬಾಟಲಿಯ ನೀರಿನಿಂದಲ್ಲ.

ಯೋಗಶಾಸ್ತ್ರವು ಶೌಚವನ್ನು ನಿಯಮಗಳಲ್ಲಿ ಮೊದಲನೆಯದಾಗಿ ಎಣಿಸಿದೆ. ಆದರೆ ನಿಯಮಗಳಿಗೂ ಮೊದಲು ಯಮಗಳಿವೆ. ಆ ಯಮಗಳ ಸಾಲಿನಲ್ಲಿ ಕಡೆಯದು ಅಪರಿಗ್ರಹ, ಎಂದರೆ ಬೇಡದ್ದನ್ನು ಕೈಗೆ ತೆಗೆದುಕೊಳ್ಳದಿರುವುದು. ಅದನ್ನು ದಾಟಿದ ಮೇಲೆಯೇ ಶೌಚದ ಮೆಟ್ಟಿಲು.

ಈ ಊರಿನವರಿಗೆ ಪತಂಜಲಿಯು ದೂರವೆನಿಸಿದರೆ ಹತ್ತಿರದ ಗುರುವೊಬ್ಬರಿದ್ದಾರೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾಕ್ಟರ್ ಟಿ. ಎಂ. ಎ. ಪೈ ಇವರು ಕೂಡಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾದದ್ದು, 1928ರಲ್ಲಿ ಪಿಗ್ಮಿ ಠೇವಣಿಯೆಂಬ ಕ್ರಮವನ್ನು ಆರಂಭಿಸಿತು. ಬ್ಯಾಂಕಿನ ಮನುಷ್ಯನು ದಿನವೂ ಬಾಗಿಲಿಗೆ ಬಂದು ಎರಡಾಣೆಯನ್ನು ತೆಗೆದುಕೊಂಡು ಹೋಗುವನು. ಕೂಲಿಯವನು, ನೇಯ್ಗೆಯವನು, ಮೀನು ಮಾರುವವಳು ಕೊಟ್ಟ ಆ ಎರಡಾಣೆಗಳಿಂದ ಕೆಲಕಾಲದಲ್ಲಿಯೇ ಒಂದು ಮಹಾಸಂಸ್ಥೆಯು ಎದ್ದಿತು. ಬಾಗಿಲಿಗೆ ಬಂದು ಸಂಗ್ರಹಿಸುವುದನ್ನು ಈ ಊರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೆ ಪಿಗ್ಮಿಯ ಗುಟ್ಟು ಬಾಗಿಲಿಗೆ ಬಂದವನಲ್ಲಿರಲಿಲ್ಲ. ಅವನು ಬರುವುದಕ್ಕೆ ಮೊದಲು, ಬೀಡಿಗೋ ಚಹಕ್ಕೋ ಹೋಗಬೇಕಾಗಿದ್ದ ಎರಡಾಣೆಯು ಮನೆಯೊಳಗೆ ತಡೆದು ನಿಂತಿತ್ತು, ಅಲ್ಲಿತ್ತು ಗುಟ್ಟು. ಇಂದು ಬಾಗಿಲಿಗೆ ಬರುವ ಗಾಡಿಯು ಖರ್ಚಾದುದರ ಶೇಷವನ್ನು ಒಯ್ಯುವುದು. ಅಂದಿನ ಮನುಷ್ಯನು ಖರ್ಚಾಗದೆ ಉಳಿದುದನ್ನು ಒಯ್ಯುತ್ತಿದ್ದನು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಗೆಯ ಸಂಗ್ರಹ. ಮನೆಯೊಳಗಿನ ಲೆಕ್ಕದಲ್ಲಿ ಒಂದು ಜಮೆ, ಒಂದು ಖರ್ಚು.

ಪಿಗ್ಮಿಯವನ ಬಳಿ ಪ್ರತಿ ಮನೆಗೂ ಒಂದು ಪುಸ್ತಕವಿತ್ತು. ದಿನದಿನದ ಅಂಕೆಯನ್ನು ಮನೆಯವರೇ ನೋಡಬಹುದಾಗಿತ್ತು. ಕಸದ ಯೋಜನೆಯಲ್ಲಿ ಇಲ್ಲದಿರುವುದು ಅದೇ. ಪಂಚಾಯತಿಗಳು ತಿಂಗಳಿಗೆ ಮನೆಗಿಷ್ಟೆಂದು ಶುಲ್ಕವನ್ನು ತೆಗೆದುಕೊಳ್ಳುವುದು ರೂಢಿ. ಹಿಡಿಯಷ್ಟು ಕೊಡುವ ಮನೆಗೂ ಮೂಟೆಯಷ್ಟು ಕೊಡುವ ಮನೆಗೂ ಅದೇ ಶುಲ್ಕ. ದಕ್ಷಿಣ ಕೊರಿಯಾದಲ್ಲಿ 1995ರಿಂದ ಹಾಗಿಲ್ಲ. ಎಸೆಯುವುದಕ್ಕೆ ಸರಕಾರದ ಮುದ್ರೆಯುಳ್ಳ ಚೀಲವನ್ನೇ ಕೊಳ್ಳಬೇಕು. ಚೀಲ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ಇಲ್ಲಿ ಹಾಗೆ ಮಾಡಿದರೆ ಜನರು ರಾತ್ರಿ ಹೊತ್ತು ಮಾರ್ಗದ ಬದಿಗೆ ಎಸೆದು ಹೋಗುವರೆಂದು ಹೇಳುವವರಿದ್ದಾರೆ. ಎಸೆಯುವರು, ನಿಜ, ಈಗಲೂ ಎಸೆಯುತ್ತಿದ್ದಾರೆ. ಅದಕ್ಕಾಗಿ ಮೊದಲ ವರ್ಷ ದುಡ್ಡಿನ ಮಾತೇ ಬೇಡ. ತೂಕದ ಮಾತೊಂದೇ ಇರಲಿ. ಗಾಡಿಗೆ ಒಂದು ಸಣ್ಣ ತಕ್ಕಡಿಯನ್ನು ತೂಗಹಾಕಿ, ತಿಂಗಳಿಗೊಂದು ದಿನ ಪ್ರತಿ ಮನೆಯ ಒಣಕಸವನ್ನು ತೂಗಿ, ಆ ಮನೆಯ ಚೀಟಿಯಲ್ಲಿ ಬರೆಯಲಿ. ಹಸಿಯದನ್ನು ಹಿತ್ತಿಲಲ್ಲಿಯೇ ಮುಗಿಸುವವರ ಬಾಲ್ದಿಯನ್ನು ತೂಗಲೇಬೇಕಾಗಿಲ್ಲ. ಆಷಾಢದ ಮಳೆಯಲ್ಲಿ ಮಡಕೆಯ ಗೊಬ್ಬರವು ನೀರಾಗಿ ನಾರುವುದೆಂದು ಹೆದರುವವರು ಬೇಸಗೆಯಲ್ಲಿಯೇ ಎರಡು ಗೋಣಿ ತರಗೆಲೆಯನ್ನೂ ತೆಂಗಿನ ನಾರನ್ನೂ ಮಾಡಿನ ಕೆಳಗೆ ಕೂಡಿಟ್ಟು, ಒಂದು ಹಿಡಿ ಹಸಿಗೆ ಒಂದು ಹಿಡಿ ಒಣಗಿದ್ದನ್ನು ಹಾಕುತ್ತ ಬಂದರೆ ಕಷ್ಟವಿರದು.

ವರ್ಷದ ಕಡೆಯಲ್ಲಿ ಗ್ರಾಮಸಭೆಯು ಕೂಡಿದಾಗ, ಹೆಚ್ಚು ಸಂಗ್ರಹಿಸಿದ ವಾರ್ಡಿಗೆ ಹಾಕುವ ಶಾಲನ್ನು ಆ ಚೀಟಿಗಳನ್ನು ನೋಡಿ ಹಾಕಲಿ. ವಿಂಗಡಣೆಯ ಮಾಡಿನ ಕೆಳಗೆ ತಕ್ಕಡಿಯು ಈಗಾಗಲೇ ಇದೆ, ಬರೆಯುವ ಪುಸ್ತಕವೂ ಇದೆ, ಬರೆಯಬಲ್ಲ ಹೆಂಗಸರೂ ಇದ್ದಾರೆ. ಪುಸ್ತಕದ ಹಾಳೆಯಲ್ಲಿ 'ಕಳೆದ ವರ್ಷ ಇದೇ ತಿಂಗಳು' ಎಂಬ ಇನ್ನೊಂದು ಗೆರೆಯನ್ನು ಎಳೆಯಬೇಕಾಗಿರುವುದಷ್ಟೆ.